ಮರಿಕೋಸು: ಹೊಲಕ್ಕೆ ತರುವ ಮೊದಲು ಹುರಿದು ತಿಂದು ನೋಡಿ



ಬೆಂಗಳೂರಿನಂಥ ಊರುಗಳ ದೊಡ್ಡ ತರಕಾರಿ ಅಂಗಡಿಗಳಲ್ಲಿ ಎಲೆಕೋಸು, ಹೂಕೋಸುಗಳ ಪಕ್ಕದಲ್ಲಿ ನಿಂಬೆಹಣ್ಣಿನಷ್ಟು ಗಾತ್ರದ, ನೋಡಲು ಥೇಟ್ ಎಲೆಕೋಸಿನಂತೆಯೇ ಇರುವ ಹಸಿರು ಉಂಡೆಗಳನ್ನು ತಾವು ಕಂಡಿರಬಹುದು. ಎಳೆಯ ಎಲೆಕೋಸನ್ನೇ ಕಿತ್ತು ತಂದಿದ್ದಾರೆಂದು ಅನೇಕರು ತಿಳಿಯುತ್ತಾರೆ. ಆದರೆ ಅದು ಬೇರೆಯೇ ಒಂದು ತರಕಾರಿ. ಅದರ ಹೆಸರು ಬ್ರಸೆಲ್ಸ್ ಸ್ಪ್ರೌಟ್ಸ್. ಈ ಹೆಸರು ನಮ್ಮ ನಾಲಿಗೆಗೆ ಸುಲಭವಾಗಿ ಹೊರಳದ ಕಾರಣ ಈ ಲೇಖನದಲ್ಲಿ ಅದನ್ನು 'ಮರಿಕೋಸು' ಎಂದೇ ಕರೆಯೋಣ.

ಸಾಮಾನ್ಯ ಎಲೆಕೋಸಿಗಿಂತ ಮರಿಕೋಸಿನ ಬೆಲೆ ಬಹಳ ಹೆಚ್ಚು. ಬೆಲೆಯನ್ನು ನೋಡಿದ ರೈತರ ಮನಸ್ಸಿನಲ್ಲಿ "ನಾವೂ ಇದನ್ನು ಏಕೆ ಬೆಳೆಯಬಾರದು?" ಎಂಬ ಪ್ರಶ್ನೆ ಏಳುವುದು ಸಹಜ. ಈ ಪ್ರಶ್ನೆಗೆ ಉತ್ತರವನ್ನು ಹೊಲದಲ್ಲಿ ಹುಡುಕುವ ಮೊದಲು ಅಡಿಗೆಮನೆಯಲ್ಲಿ ಹುಡುಕಬೇಕು. ತಾನು ತಿಂದು ಅರಿಯದ ತರಕಾರಿಯ ಗುಣದೋಷಗಳು ಬೆಳೆಗಾರನಿಗೆ ತಿಳಿಯುವುದಿಲ್ಲ. ಅದರಲ್ಲೂ ಮರಿಕೋಸು ಅಡಿಗೆಯ ಕ್ರಮ ತಪ್ಪಿದ ಕಾರಣಕ್ಕಾಗಿಯೇ ಹಲವು ದೇಶಗಳಲ್ಲಿ ಕೆಟ್ಟ ಹೆಸರು ಪಡೆದು, ಕ್ರಮ ಸರಿಯಾದ ಮೇಲೆ ಒಳ್ಳೆಯ ಹೆಸರು ಗಳಿಸಿದ ತರಕಾರಿ. ಆದ್ದರಿಂದ ಅದನ್ನು ಗರಿಗರಿಯಾಗಿ ಹುರಿಯುವ ವಿಧಾನವನ್ನೂ, ಅದರ ಹಿಂದಿನ ಕಾರಣಗಳನ್ನೂ, ಬೆಳೆಗಾರರು ಗಮನಿಸಬೇಕಾದ ಅಂಶಗಳನ್ನೂ ಇಲ್ಲಿ ವಿವರಿಸಲಾಗಿದೆ.

ಮರಿಕೋಸು ಎಂದರೇನು?

ಎಲೆಕೋಸು, ಹೂಕೋಸು, ನವಿಲುಕೋಸು, ಬ್ರೊಕೋಲಿ ಮತ್ತು ಮರಿಕೋಸು ಇವೆಲ್ಲವೂ ಸಾಸಿವೆಯ ಕುಟುಂಬಕ್ಕೆ ಸೇರಿದ ಬ್ರಾಸಿಕಾ ಒಲರೇಸಿಯಾ ಎಂಬ ಒಂದೇ ಜಾತಿಯ ಸಸ್ಯದ ಬೇರೆ ಬೇರೆ ರೂಪಗಳು. ಮನುಷ್ಯನು ನೂರಾರು ವರ್ಷಗಳ ಕಾಲ ತನಗೆ ಬೇಕಾದ ಭಾಗವನ್ನೇ ಆರಿಸುತ್ತ ಬಂದುದರಿಂದ ಒಂದೇ ತಾಯಿಯ ಮಕ್ಕಳು ಇಷ್ಟು ಭಿನ್ನವಾಗಿ ಬೆಳೆದಿವೆ. ಎಲೆಕೋಸಿನಲ್ಲಿ ಗಿಡದ ತುದಿಯ ಮೊಗ್ಗು ಹಿಗ್ಗಿ ದೊಡ್ಡ ಉಂಡೆಯಾಗುತ್ತದೆ. ನವಿಲುಕೋಸಿನಲ್ಲಿ ಕಾಂಡ ಊದಿಕೊಳ್ಳುತ್ತದೆ. ಹೂಕೋಸಿನಲ್ಲಿ ಹೂವಿನ ಭಾಗ ದಟ್ಟವಾಗಿ ಬೆಳೆಯುತ್ತದೆ. ಮರಿಕೋಸಿನಲ್ಲಿಯಾದರೋ ನೇರವಾಗಿ ನಿಂತ ಎತ್ತರದ ಕಾಂಡದ ಮೇಲೆ ಪ್ರತಿಯೊಂದು ಎಲೆಯ ಕಂಕುಳಲ್ಲಿಯೂ ಒಂದೊಂದು ಮೊಗ್ಗು ಹಿಗ್ಗಿ ಪುಟ್ಟ ಕೋಸಾಗುತ್ತದೆ. ಫಸಲು ತುಂಬಿದ ಗಿಡವನ್ನು ನೋಡಿದರೆ ಕೋಲಿಗೆ ಹಸಿರು ಉಂಡೆಗಳನ್ನು ಸಾಲಾಗಿ ಅಂಟಿಸಿದಂತೆ ಕಾಣುತ್ತದೆ.

ಬೆಲ್ಜಿಯಂ ದೇಶದ ರಾಜಧಾನಿಯಾದ ಬ್ರಸೆಲ್ಸ್ ನಗರದ ಸುತ್ತಮುತ್ತ ಇದನ್ನು ಶತಮಾನಗಳಿಂದ ಬೆಳೆಯುತ್ತ ಬಂದುದರಿಂದ ಆ ಊರಿನ ಹೆಸರೇ ಇದಕ್ಕೆ ನಿಂತಿತು. ಬೆಲ್ಜಿಯಂ, ನೆದರ್ಲೆಂಡ್ಸ್, ಇಂಗ್ಲೆಂಡ್ ದೇಶಗಳಲ್ಲಿ ಇದು ಚಳಿಗಾಲದ ಮುಖ್ಯ ತರಕಾರಿ. ಅಮೆರಿಕದಲ್ಲಿ ಕ್ಯಾಲಿಫೋರ್ನಿಯಾ ರಾಜ್ಯದ ಸಮುದ್ರ ತೀರದ ತಂಪು ಪ್ರದೇಶಗಳಲ್ಲಿ ಇದರ ಬೇಸಾಯ ಹೆಚ್ಚು. ನಮ್ಮ ದೇಶದಲ್ಲಿ ನೀಲಗಿರಿ ಬೆಟ್ಟಗಳು, ಹಿಮಾಚಲ ಪ್ರದೇಶ ಮುಂತಾದ ತಂಪು ಹವೆಯ ಕಡೆಗಳಲ್ಲಿ ಸ್ವಲ್ಪ ಮಟ್ಟಿಗೆ ಬೆಳೆಯುತ್ತಾರೆ.

ಹೋದ ಹೆಸರು, ಮರಳಿ ಬಂದ ರುಚಿ

ಇಂಗ್ಲೆಂಡಿನಲ್ಲಿ ಕ್ರಿಸ್‌ಮಸ್ ಹಬ್ಬದ ಊಟಕ್ಕೆ ಮರಿಕೋಸು ಇರಲೇಬೇಕು. ಆದರೆ ಅದನ್ನು ಬಹಳ ಹೊತ್ತು ನೀರಿನಲ್ಲಿ ಬೇಯಿಸಿ, ಮೆತ್ತಗಾಗಿ ಬಣ್ಣಗೆಟ್ಟ ಮೇಲೆ ಬಡಿಸುವ ವಾಡಿಕೆ ಅಲ್ಲಿ ಬಲವಾಗಿತ್ತು. ಒಳಗಿನವರೆಗೂ ಬೇಯಲೆಂದು ಪ್ರತಿ ಉಂಡೆಯ ಬುಡಕ್ಕೂ ಚಾಕುವಿನಿಂದ ಅಡ್ಡ ಗೀರು ಹಾಕುತ್ತಿದ್ದರು. ಈ ಗೀರಿನಿಂದ ನೀರು ಒಳಹೊಕ್ಕು ತರಕಾರಿ ಇನ್ನೂ ಸಪ್ಪೆಯಾಗುತ್ತಿತ್ತು. ಹೀಗೆ ಬೇಯಿಸಿದ ಮರಿಕೋಸಿನ ಕಹಿಗೂ ದುರ್ವಾಸನೆಗೂ ಹೆದರಿ ಮಕ್ಕಳು ಊಟದ ಮೇಜಿನಿಂದ ಎದ್ದು ಓಡುತ್ತಾರೆಂಬುದು ಅಲ್ಲಿ ಮನೆಮಾತಾಯಿತು.

ದೋಷ ಅಡಿಗೆಯದು ಮಾತ್ರ ಆಗಿರಲಿಲ್ಲ. ತಳಿಗಳನ್ನು ಆರಿಸುವಾಗ ಇಳುವರಿ, ಏಕರೂಪದ ಗಾತ್ರ ಮುಂತಾದ ಗುಣಗಳಿಗೆ ಪ್ರಾಮುಖ್ಯ ದೊರೆತು ರುಚಿ ಹಿಂದೆ ಬಿದ್ದಿತ್ತು. ನೆದರ್ಲೆಂಡ್ಸ್‌ನಲ್ಲಿ ಬೀಜ ಕಂಪನಿಯೊಂದರ ವಿಜ್ಞಾನಿಯಾಗಿದ್ದ ಹ್ಯಾನ್ಸ್ ವಾನ್ ಡೂರ್ನ್ ಮತ್ತು ಅವರ ಸಂಗಡಿಗರು ಈ ಕಹಿಗೆ ಮುಖ್ಯ ಕಾರಣ ಸಿನಿಗ್ರಿನ್ ಮತ್ತು ಪ್ರೊಗಾಯ್ಟ್ರಿನ್ ಎಂಬ ಎರಡು ರಾಸಾಯನಿಕಗಳೆಂದು ತೋರಿಸಿ 1998ರಲ್ಲಿ ತಮ್ಮ ಸಂಶೋಧನೆಯನ್ನು ಪ್ರಕಟಿಸಿದರು. ಆ ಬಳಿಕ ತಳಿ ಅಭಿವೃದ್ಧಿ ಮಾಡುವವರು ಬೀಜ ಸಂಗ್ರಹಾಗಾರಗಳಲ್ಲಿ ಉಳಿದಿದ್ದ ಹಳೆಯ ತಳಿಗಳನ್ನು ಹೊರತೆಗೆದು ಬಿತ್ತಿದರು. ಅವುಗಳಲ್ಲಿ ಕಹಿ ಕಡಿಮೆ ಇದ್ದವನ್ನು ಆರಿಸಿ, ಹೆಚ್ಚು ಇಳುವರಿಯ ಹೊಸ ತಳಿಗಳೊಂದಿಗೆ ಸಂಕರಣ ಮಾಡಿದರು. ಹೀಗೆ ಕಹಿ ತಗ್ಗಿದ ತಳಿಗಳು ಮಾರುಕಟ್ಟೆಗೆ ಬಂದವು. ಯಾರಿಗೂ ಬೇಡವಾಗಿ ಮೂಲೆ ಸೇರಿದ್ದ ಹಳೆಯ ಬೀಜ ಕೊನೆಗೆ ಒಂದು ಬೆಳೆಯನ್ನೇ ಉಳಿಸಿದ ಈ ಸಂಗತಿಯನ್ನು ನಾಟಿ ಬೀಜ ಕಾಪಾಡಿಕೊಂಡು ಬಂದಿರುವ ನಮ್ಮ ರೈತರು ವಿಶೇಷವಾಗಿ ಗಮನಿಸಬೇಕು.

ಇದೇ ಕಾಲಕ್ಕೆ ಅಡಿಗೆಯ ಕ್ರಮವೂ ಬದಲಾಯಿತು. 2004ರಲ್ಲಿ ನ್ಯೂಯಾರ್ಕ್ ನಗರದಲ್ಲಿ ಮೊಮೊಫುಕು ಎಂಬ ಉಪಾಹಾರ ಗೃಹವನ್ನು ತೆರೆದ ಡೇವಿಡ್ ಚಾಂಗ್ ಮೊದಲಾದ ಅಡಿಗೆ ನಿಪುಣರು ಮರಿಕೋಸನ್ನು ನೀರಿನಲ್ಲಿ ಬೇಯಿಸುವುದನ್ನು ಬಿಟ್ಟು, ಹೆಚ್ಚಿನ ಶಾಖದಲ್ಲಿ ಕಂದು ಬಣ್ಣ ಬರುವಂತೆ ಹುರಿದು ಬಡಿಸತೊಡಗಿದರು. ಜನ ಮುಗಿಬಿದ್ದು ತಿಂದರು. ಒಳ್ಳೆಯ ತಳಿ ಮತ್ತು ಒಳ್ಳೆಯ ಅಡಿಗೆ ಎರಡೂ ಕೂಡಿದಾಗ ಬೇಡವಾಗಿದ್ದ ತರಕಾರಿಗೆ ಬೇಡಿಕೆ ಹುಟ್ಟಿತು.

ಕಹಿ ಮತ್ತು ವಾಸನೆ ಎಲ್ಲಿಂದ ಬರುತ್ತವೆ?

ಸಾಸಿವೆಯನ್ನು ಅರೆದಾಗ ಮೂಗಿಗೆ ಅಡರುವ ಘಾಟು ತಮಗೆಲ್ಲ ಪರಿಚಿತವೇ. ಇಡೀ ಸಾಸಿವೆ ಕಾಳನ್ನು ಮೂಸಿದರೆ ಆ ಘಾಟು ಇರುವುದಿಲ್ಲ. ಅರೆದಾಗ ಕಾಳಿನ ಜೀವಕೋಶಗಳು ಒಡೆದು, ಅವುಗಳಲ್ಲಿ ಬೇರೆ ಬೇರೆಯಾಗಿದ್ದ ಗಂಧಕಯುಕ್ತ ವಸ್ತುವೂ ಒಂದು ಕಿಣ್ವವೂ ಪರಸ್ಪರ ಕೂಡಿ ಘಾಟು ಹುಟ್ಟುತ್ತದೆ. ಮರಿಕೋಸಿನಲ್ಲಿ ನಡೆಯುವುದೂ ಇದೇ ಕ್ರಿಯೆ. ಕೀಟಗಳಿಂದ ತನ್ನನ್ನು ಕಾಪಾಡಿಕೊಳ್ಳಲು ಗಿಡವು ಮಾಡಿಕೊಂಡ ಏರ್ಪಾಟು ಅದು.

ಮರಿಕೋಸನ್ನು ಬಹಳ ಹೊತ್ತು ಕುದಿಸಿದಾಗ ಅದರಲ್ಲಿನ ಗಂಧಕದ ಸಂಯುಕ್ತಗಳು ಒಡೆದು, ಕೊಳೆತ ಮೊಟ್ಟೆಯ ವಾಸನೆಯ ಅನಿಲ ಹೊರಬೀಳುತ್ತದೆ. ಕುದಿಸುವ ಹೊತ್ತು ಹೆಚ್ಚಿದಷ್ಟೂ ವಾಸನೆ ಹೆಚ್ಚು. ಎಲೆಕೋಸನ್ನು ಅತಿಯಾಗಿ ಬೇಯಿಸಿದಾಗ ಮನೆಯೆಲ್ಲ ಹರಡುವ ವಾಸನೆಯೂ ಇದೇ. ಇದರ ಜೊತೆಗೆ ನೀರಿನಲ್ಲಿ ಕರಗುವ 'ಸಿ' ಜೀವಸತ್ವದ ಸಾಕಷ್ಟು ಭಾಗ ನೀರಿಗೆ ಇಳಿದು, ಆ ನೀರನ್ನು ಚೆಲ್ಲಿದಾಗ ನಷ್ಟವಾಗುತ್ತದೆ.

ಕಹಿಯನ್ನು ಎಲ್ಲರ ನಾಲಿಗೆಯೂ ಒಂದೇ ರೀತಿ ಅರಿಯುವುದಿಲ್ಲ. ಕೆಲವು ವಸ್ತುಗಳು ಒಬ್ಬರಿಗೆ ತೀರ ಕಹಿಯಾಗಿಯೂ ಇನ್ನೊಬ್ಬರಿಗೆ ರುಚಿಯಿಲ್ಲದವಾಗಿಯೂ ಇರುತ್ತವೆಂಬುದನ್ನು ಆರ್ಥರ್ ಫಾಕ್ಸ್ ಎಂಬ ಅಮೆರಿಕದ ರಸಾಯನ ವಿಜ್ಞಾನಿ 1931ರಲ್ಲಿ ಕಂಡುಕೊಂಡರು. ಈ ಭೇದ ಹುಟ್ಟಿನಿಂದಲೇ ಬರುವಂಥದು. ಆದುದರಿಂದ ಮನೆಯಲ್ಲಿ ಒಬ್ಬರು ಮೆಚ್ಚಿದ್ದನ್ನು ಇನ್ನೊಬ್ಬರು ದೂರ ಸರಿಸಿದರೆ ಅದು ಹಟವೆಂದು ಭಾವಿಸಬೇಕಾಗಿಲ್ಲ.

ಹುರಿಯುವುದರ ಗುಟ್ಟು

ನೀರು ಎಷ್ಟೇ ಕುದಿದರೂ ಅದರ ಶಾಖ ಸುಮಾರು 100 ಡಿಗ್ರಿ ಸೆಂಟಿಗ್ರೇಡನ್ನು ಮೀರುವುದಿಲ್ಲ. ಆ ಶಾಖದಲ್ಲಿ ತರಕಾರಿ ಮೆತ್ತಗಾಗುತ್ತದೆಯೇ ವಿನಾ ಕಂದು ಬಣ್ಣಕ್ಕೆ ತಿರುಗುವುದಿಲ್ಲ. ತರಕಾರಿಯ ಮೇಲ್ಭಾಗ ಒಣಗಿ, ಅಲ್ಲಿನ ಶಾಖ ಸುಮಾರು 140 ಡಿಗ್ರಿಗೆ ಏರಿದಾಗ ಅದರಲ್ಲಿನ ಸಕ್ಕರೆಯ ಅಂಶವೂ ಸಸಾರಜನಕದ ಅಂಶವೂ ಕೂಡಿ ಹೊಸ ಬಣ್ಣ, ಹೊಸ ಪರಿಮಳ, ಹೊಸ ರುಚಿಗಳು ಉಂಟಾಗುತ್ತವೆ. ಇದನ್ನು ಮೊದಲು ವಿವರಿಸಿದವರು ಫ್ರಾನ್ಸಿನ ಲೂಯಿ ಕಾಮಿಯ್ ಮೈಯ್ಯಾರ್ ಎಂಬ ವಿಜ್ಞಾನಿ, 1912ರಲ್ಲಿ. ಕಾವಲಿಯ ಮೇಲೆ ದೋಸೆ ಹೊಂಬಣ್ಣಕ್ಕೆ ತಿರುಗುವುದೂ, ಹುರಿದ ಕಡಲೆಕಾಯಿಯ ಕಂಪೂ ಈ ಕ್ರಿಯೆಯ ಫಲವೇ.

ಆದುದರಿಂದ ಮರಿಕೋಸು ಗರಿಗರಿಯಾಗಬೇಕಾದರೆ ನೆನಪಿಡಬೇಕಾದುದು ಒಂದೇ ಮಾತು: ನೀರು ಶತ್ರು, ಒಣ ಶಾಖ ಮಿತ್ರ. ಮುಂದೆ ಹೇಳುವ ಎಲ್ಲ ಸೂಚನೆಗಳೂ ಈ ಒಂದು ಮಾತಿನಿಂದಲೇ ಹೊರಟಿವೆ.

ಆಯ್ಕೆ ಮತ್ತು ಸಿದ್ಧತೆ

ಕೊಳ್ಳುವಾಗ ಕೈಗೆ ಗಟ್ಟಿಯಾಗಿ, ಗಾತ್ರಕ್ಕೆ ತಕ್ಕ ಭಾರವಾಗಿ, ಹೊಳೆಯುವ ಹಸಿರು ಬಣ್ಣವಿರುವ ಉಂಡೆಗಳನ್ನು ಆರಿಸಿರಿ. ಎರಡೂವರೆಯಿಂದ ನಾಲ್ಕು ಸೆಂ.ಮೀ. ಅಡ್ಡಳತೆಯವು ಒಳ್ಳೆಯವು. ಬುಡದ ಕತ್ತರಿಸಿದ ಭಾಗ ಬಿಳುಪಾಗಿದ್ದರೆ ಹೊಸದೆಂದೂ, ಕಂದಾಗಿ ಒಣಗಿದ್ದರೆ ಹಳೆಯದೆಂದೂ ತಿಳಿಯಬೇಕು. ಎಲೆ ಹಳದಿಯಾಗಿರುವ, ಬಾಯಿ ಬಿಟ್ಟಂತೆ ಸಡಿಲವಾಗಿರುವ ಉಂಡೆಗಳು ಬೇಡ.

ಮನೆಗೆ ತಂದ ಮೇಲೆ ತೊಳೆಯದೆ, ತಂಪು ಪೆಟ್ಟಿಗೆಯಲ್ಲಿಟ್ಟು ಆದಷ್ಟು ಬೇಗ ಬಳಸಿರಿ. ಮಾಗಿದ ಬಾಳೆಹಣ್ಣು, ಟೊಮ್ಯಾಟೊಗಳ ಪಕ್ಕದಲ್ಲಿ ಇಡಬೇಡಿ. ಅವುಗಳಿಂದ ಹೊರಡುವ ಎಥಿಲೀನ್ ಅನಿಲದಿಂದ ಮರಿಕೋಸು ಬೇಗ ಹಳದಿಯಾಗುತ್ತದೆ.

ಅಡಿಗೆಗೆ ಮೊದಲು ಹೀಗೆ ಸಿದ್ಧಪಡಿಸಿಕೊಳ್ಳಿ:

1. ಬುಡದ ತುದಿಯನ್ನು ತೆಳುವಾಗಿ ಕತ್ತರಿಸಿ, ಹೊರಗಿನ ಒಂದೆರಡು ಬಾಡಿದ ಎಲೆಗಳನ್ನು ತೆಗೆಯಿರಿ. ಬುಡವನ್ನು ಹೆಚ್ಚಾಗಿ ಕತ್ತರಿಸಿದರೆ ಎಲೆಗಳೆಲ್ಲ ಬಿಚ್ಚಿಕೊಳ್ಳುತ್ತವೆ.

2. ಎಲೆಗಳ ಸಂದಿಯಲ್ಲಿ ಸಸ್ಯಹೇನು, ಸಣ್ಣ ಹುಳುಗಳು ಅಡಗಿರಬಹುದು. ಉಪ್ಪು ಹಾಕಿದ ತಣ್ಣೀರಿನಲ್ಲಿ ಹತ್ತು ನಿಮಿಷ ಬಿಟ್ಟು, ಅನಂತರ ಶುದ್ಧ ನೀರಿನಲ್ಲಿ ಎರಡು ಬಾರಿ ತೊಳೆಯಿರಿ.

3. ಮೇಲಿನಿಂದ ಬುಡದವರೆಗೆ ಉದ್ದುದ್ದ ಎರಡು ಹೋಳು ಮಾಡಿರಿ. ನಾಲ್ಕು ಸೆಂ.ಮೀ.ಗಿಂತ ದಪ್ಪನೆಯವನ್ನು ನಾಲ್ಕು ಹೋಳು ಮಾಡಬಹುದು.

4. ಹೋಳುಗಳನ್ನು ಒಣ ಬಟ್ಟೆಯ ಮೇಲೆ ಹರಡಿ, ಒರೆಸಿ, ಅರ್ಧ ಗಂಟೆ ಗಾಳಿಗೆ ಆರಲು ಬಿಡಿರಿ. ಇದು ಬಹಳ ಮುಖ್ಯ. ಹಸಿಯಾಗಿಯೇ ಹಾಕಿದರೆ ಆ ನೀರು ಆವಿಯಾಗಿ ಹೋಗುವಷ್ಟರಲ್ಲಿ ಹೋಳು ಬೆಂದು ಮೆತ್ತಗಾಗಿರುತ್ತದೆ.

ಓವನ್‌ನಲ್ಲಿ ಹುರಿಯುವ ವಿಧಾನ

ಬೇಕಾಗುವ ಸಾಮಗ್ರಿಗಳು (ನಾಲ್ಕು ಜನರಿಗೆ): ಮರಿಕೋಸು ಅರ್ಧ ಕಿಲೋಗ್ರಾಂ, ಅಡಿಗೆ ಎಣ್ಣೆ ಎರಡು ದೊಡ್ಡ ಚಮಚ, ಉಪ್ಪು ಮುಕ್ಕಾಲು ಚಹಾ ಚಮಚ, ಕಾಳುಮೆಣಸಿನ ಪುಡಿ ಕಾಲು ಚಹಾ ಚಮಚ, ನಿಂಬೆಹಣ್ಣು ಅರ್ಧ ಹೋಳು.

ಓವನ್‌ಅನ್ನು 220 ಡಿಗ್ರಿ ಸೆಂಟಿಗ್ರೇಡಿಗೆ ಕಾಯಿಸಿರಿ. ಕಾಯುವಾಗಲೇ ಖಾಲಿ ತಟ್ಟೆಯನ್ನೂ ಒಳಗಿಡಿರಿ. ಬಿಸಿಯಾದ ತಟ್ಟೆಗೆ ತಗುಲಿದ ಕೂಡಲೇ ಹೋಳಿನ ಮುಖ ಹುರಿಯಲು ಆರಂಭವಾಗುತ್ತದೆ. ಇತ್ತ ಅಗಲವಾದ ಪಾತ್ರೆಯಲ್ಲಿ ಹೋಳುಗಳಿಗೆ ಎಣ್ಣೆ ಹಾಕಿ, ಪ್ರತಿಯೊಂದಕ್ಕೂ ಎಣ್ಣೆ ಸವರಿದಂತಾಗುವ ಹಾಗೆ ಕೈಯಿಂದ ಬೆರೆಸಿರಿ. ಉಪ್ಪನ್ನು ಓವನ್‌ಗೆ ಇಡುವ ಮುಂಚೆಯಷ್ಟೇ ಹಾಕಬೇಕು. ಮೊದಲೇ ಹಾಕಿಟ್ಟರೆ ಉಪ್ಪು ನೀರನ್ನು ಹೊರಗೆಳೆದು ಹೋಳುಗಳು ಒದ್ದೆಯಾಗುತ್ತವೆ.

ತಟ್ಟೆಯನ್ನು ಬಟ್ಟೆಯ ಸಹಾಯದಿಂದ ಹೊರತೆಗೆದು, ಹೋಳುಗಳನ್ನು ಕತ್ತರಿಸಿದ ಮುಖ ಕೆಳಗಾಗುವಂತೆ ಒಂದೇ ಪದರದಲ್ಲಿ, ನಡುವೆ ಬೆರಳಗಲ ಜಾಗ ಬಿಟ್ಟು ಜೋಡಿಸಿರಿ. ಒತ್ತಾಗಿ ಹಾಕಿದರೆ ಒಂದರ ಆವಿಯಲ್ಲಿ ಇನ್ನೊಂದು ಬೇಯುತ್ತದೆ. ಮನೆಯ ಸಣ್ಣ ಓವನ್‌ನಲ್ಲಿ ಅರ್ಧ ಕಿಲೋ ಹಿಡಿಯದಿದ್ದರೆ ಎರಡು ಬಾರಿ ಮಾಡುವುದೇ ಲೇಸು. ಉದುರಿದ ಬಿಡಿ ಎಲೆಗಳನ್ನು ಎಸೆಯಬೇಡಿ. ಅವು ಎಲ್ಲಕ್ಕಿಂತ ಮೊದಲು ಹಪ್ಪಳದಂತೆ ಗರಿಗರಿಯಾಗುತ್ತವೆ, ಆದುದರಿಂದ ಅವನ್ನು ಕೊನೆಯ ಐದಾರು ನಿಮಿಷ ಇರುವಾಗ ಸೇರಿಸಿರಿ.

20ರಿಂದ 25 ನಿಮಿಷಗಳಲ್ಲಿ ಕೆಳಮುಖ ಕಡುಕಂದು ಬಣ್ಣಕ್ಕೆ ತಿರುಗಿ, ಹೊರ ಎಲೆಗಳ ಅಂಚು ಗರಿಯಾಗಿರುತ್ತದೆ. ಚಾಕುವಿನ ತುದಿ ಬುಡಕ್ಕೆ ಸುಲಭವಾಗಿ ಇಳಿದರೆ ಒಳಗೂ ಬೆಂದಿದೆ ಎಂದರ್ಥ. ಹೊರತೆಗೆದ ಮೇಲೆ ಮೆಣಸಿನ ಪುಡಿ ಉದುರಿಸಿ, ನಿಂಬೆರಸ ಹಿಂಡಿ, ಕೂಡಲೇ ಬಡಿಸಿರಿ. ಬಿಸಿಯಾಗಿರುವಾಗ ಮುಚ್ಚಿಟ್ಟರೆ ತನ್ನ ಆವಿಯಿಂದಲೇ ಮೆತ್ತಗಾಗುತ್ತದೆ.

ಎಣ್ಣೆಯ ವಿಷಯದಲ್ಲಿ ಒಂದು ಮಾತು. ಶುದ್ಧೀಕರಿಸಿದ ಕಡಲೆಕಾಯಿ ಎಣ್ಣೆ ಅಥವಾ ಸೂರ್ಯಕಾಂತಿ ಎಣ್ಣೆ ಈ ಶಾಖವನ್ನು ತಾಳುತ್ತದೆ. ಗಾಣದ ಎಣ್ಣೆ ಬೇಗ ಹೊಗೆಯಾಡುವುದರಿಂದ ಅದನ್ನು ಬಳಸುವವರು ಶಾಖವನ್ನು ತಗ್ಗಿಸಿ, ಸ್ವಲ್ಪ ಹೆಚ್ಚು ಹೊತ್ತು ಇಡಬೇಕು.

ಓವನ್ ಇಲ್ಲದ ಮನೆಗಳಲ್ಲಿ

ಓವನ್ ಇಲ್ಲವೆಂದು ನಿರಾಶರಾಗಬೇಕಾಗಿಲ್ಲ. ದೋಸೆ ಹುಯ್ಯುವ ದಪ್ಪನೆಯ ಕಬ್ಬಿಣದ ಕಾವಲಿ ಅಥವಾ ಅಗಲವಾದ ಕಬ್ಬಿಣದ ಬಾಣಲೆ ಈ ಕೆಲಸಕ್ಕೆ ತಕ್ಕುದಾಗಿದೆ. ಕಬ್ಬಿಣವು ಶಾಖವನ್ನು ಹಿಡಿದಿಟ್ಟುಕೊಳ್ಳುವುದರಿಂದ ತರಕಾರಿ ಹಾಕಿದೊಡನೆ ತಣ್ಣಗಾಗುವುದಿಲ್ಲ.

ಕಾವಲಿಯನ್ನು ಚೆನ್ನಾಗಿ ಕಾಯಿಸಿ, ಎಣ್ಣೆ ಹಾಕಿ, ಕತ್ತರಿಸಿದ ಮುಖ ಕೆಳಗಾಗುವಂತೆ ಹೋಳುಗಳನ್ನು ಸಾಲಾಗಿಡಿರಿ. ಉರಿ ಮಧ್ಯಮವಾಗಿರಲಿ. ಮೊದಲ ನಾಲ್ಕೈದು ನಿಮಿಷ ಮುಚ್ಚಳ ಮುಚ್ಚಿರಿ, ಇದರಿಂದ ಒಳಭಾಗ ಬೇಯುತ್ತದೆ. ನೀರನ್ನು ಮಾತ್ರ ಚಿಮುಕಿಸಬೇಡಿ. ಅನಂತರ ಮುಚ್ಚಳ ತೆಗೆದು, ಮುಚ್ಚಳದ ಒಳಗಿನ ಹನಿಗಳು ಕಾವಲಿಗೆ ಬೀಳದಂತೆ ನೋಡಿಕೊಂಡು, ಇನ್ನೂ ಐದಾರು ನಿಮಿಷ ಹಾಗೆಯೇ ಬಿಡಿರಿ. ಪದೇ ಪದೇ ಸೌಟಾಡಿಸುವುದು ಸಲ್ಲದು. ಕೆಳಮುಖ ಕಂದಾದ ಮೇಲೆ ಒಮ್ಮೆ ತಿರುವಿ, ಎರಡು ನಿಮಿಷ ಬಿಟ್ಟು ಇಳಿಸಿರಿ.

ನಮ್ಮ ರುಚಿಗೆ ಒಗ್ಗುವಂತೆ

ಕಹಿ ತರಕಾರಿಯನ್ನು ಒಲಿಸಿಕೊಳ್ಳುವ ವಿದ್ಯೆ ನಮ್ಮ ಹೆಣ್ಣುಮಕ್ಕಳಿಗೆ ಹೊಸದಲ್ಲ. ಹಾಗಲಕಾಯಿಗೆ ಉಪ್ಪು, ಹುಣಿಸೆಹುಳಿ, ಬೆಲ್ಲ ಹಾಕಿ ಗೊಜ್ಜು ಮಾಡುವವರಿಗೆ ಮರಿಕೋಸಿನ ಕಹಿ ಏನೇನೂ ಅಲ್ಲ. ಉಪ್ಪು ಕಹಿಯನ್ನು ಮರೆಸುತ್ತದೆ, ಹುಳಿಯೂ ಸಿಹಿಯೂ ಅದನ್ನು ಸರಿದೂಗಿಸುತ್ತವೆ. ಹುರಿದ ಹೋಳುಗಳಿಗೆ ಕೊನೆಯಲ್ಲಿ ಈ ಕೆಳಗಿನ ಯಾವುದಾದರೊಂದನ್ನು ಬೆರೆಸಬಹುದು:

1. ಒಂದು ದೊಡ್ಡ ಚಮಚ ಶೇಂಗಾ ಚಟ್ನಿಪುಡಿ. ಇದು ಜೋಳದ ರೊಟ್ಟಿಯೊಂದಿಗೆ ಚೆನ್ನಾಗಿ ಹೊಂದುತ್ತದೆ.

2. ಒಂದು ಚಹಾ ಚಮಚ ಬೆಲ್ಲದ ಪುಡಿಯನ್ನು ನಿಂಬೆರಸದಲ್ಲಿ ಕರಗಿಸಿದ ಪಾಕ. ಬೆಲ್ಲವನ್ನು ಮೊದಲೇ ಹಾಕಿದರೆ ಸೀದು ಕಹಿಯಾಗುತ್ತದೆ.

3. ಎಣ್ಣೆಯಲ್ಲಿ ಸಾಸಿವೆ, ಒಣಮೆಣಸಿನಕಾಯಿ, ಜಜ್ಜಿದ ಬೆಳ್ಳುಳ್ಳಿ, ಕರಿಬೇವು ಹಾಕಿದ ಒಗ್ಗರಣೆ. ಬೆಳ್ಳುಳ್ಳಿಯನ್ನು ಹೋಳಿನೊಂದಿಗೇ ಓವನ್‌ಗೆ ಹಾಕಿದರೆ ಸುಟ್ಟುಹೋಗುತ್ತದೆ.

ಅನ್ನ ಸಾರಿನ ಜೊತೆಗೆ ನೆಂಚಿಕೊಳ್ಳಲೂ, ಚಪಾತಿಯ ಜೊತೆಗೆ ಪಲ್ಯದಂತೆಯೂ ಇದು ಒದಗುತ್ತದೆ.

ತಪ್ಪುಗಳು ಮತ್ತು ಪರಿಹಾರ

ಹೋಳು ಮೆತ್ತಗಾಗಿ ಬಣ್ಣ ಬಾರದಿದ್ದರೆ: ತೇವ ಉಳಿದಿರುತ್ತದೆ, ಇಲ್ಲವೆ ಒತ್ತಾಗಿ ಹಾಕಿರುತ್ತೀರಿ, ಇಲ್ಲವೆ ಶಾಖ ಸಾಲದಾಗಿರುತ್ತದೆ. ಮೂರನ್ನೂ ಪರೀಕ್ಷಿಸಿರಿ.

ಹೊರಗೆ ಸೀದು ಒಳಗೆ ಹಸಿಯಾಗಿದ್ದರೆ: ಹೋಳುಗಳು ಬಹಳ ದಪ್ಪನಾಗಿವೆ. ನಾಲ್ಕು ಹೋಳು ಮಾಡಿರಿ, ಶಾಖವನ್ನು 200 ಡಿಗ್ರಿಗೆ ಇಳಿಸಿರಿ.

ಒಣಗಿದ ಕಾಗದದಂತಿದ್ದರೆ: ಎಣ್ಣೆ ಕಡಿಮೆಯಾಗಿದೆ.

ಎಲ್ಲ ಸರಿಯಿದ್ದೂ ಬಹಳ ಕಹಿಯಿದ್ದರೆ: ದೋಷ ಅಡಿಗೆಯದಲ್ಲ. ತಳಿಯದೋ, ಬಿಸಿ ಹವೆಯಲ್ಲಿ ಬೆಳೆದುದರದೋ, ಬಹಳ ದಿನ ಹಳೆಯದಾದುದರದೋ ಇರಬೇಕು. ಬೆಳೆಗಾರರು ಗಮನಿಸಬೇಕಾದುದು ಇದನ್ನೇ.

ಆಹಾರ ಗುಣ

ನೂರು ಗ್ರಾಂ ಹಸಿ ಮರಿಕೋಸಿನಲ್ಲಿ ಸುಮಾರು 3.4 ಗ್ರಾಂ ಸಸಾರಜನಕ, 9 ಗ್ರಾಂ ಶರ್ಕರಪಿಷ್ಟ, ಅದರಲ್ಲಿ 3.8 ಗ್ರಾಂ ನಾರು, ಮತ್ತು 85 ಮಿಲಿಗ್ರಾಂ 'ಸಿ' ಜೀವಸತ್ವ ಇರುತ್ತವೆ. ಅದರಿಂದ ದೊರೆಯುವ ಶಕ್ತಿ 43 ಕ್ಯಾಲೊರಿಗಳಷ್ಟೇ. ಹುರಿದಾಗ 'ಸಿ' ಜೀವಸತ್ವದಲ್ಲಿ ಸ್ವಲ್ಪ ಭಾಗ ಶಾಖದಿಂದ ನಾಶವಾದರೂ ಕುದಿಸಿದ ನೀರಿನೊಂದಿಗೆ ಚೆಲ್ಲಿಹೋಗುವ ನಷ್ಟ ಇರುವುದಿಲ್ಲ. ಇದರಲ್ಲಿ 'ಕೆ' ಜೀವಸತ್ವ ಹೇರಳವಾಗಿದೆ. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಮಾತ್ರೆ ಸೇವಿಸುತ್ತಿರುವವರು ವೈದ್ಯರನ್ನು ಕೇಳಿಯೇ ಇದನ್ನು ಊಟದಲ್ಲಿ ಸೇರಿಸಿಕೊಳ್ಳಬೇಕು. ಹೊಟ್ಟೆಯಲ್ಲಿ ವಾಯು ತುಂಬುವ ತೊಂದರೆಯಿರುವವರು ಸ್ವಲ್ಪ ಸ್ವಲ್ಪವಾಗಿ ತಿಂದು ನೋಡುವುದು ಒಳ್ಳೆಯದು.

ಬೆಳೆಯಬೇಕೆನ್ನುವವರಿಗೆ ಕಿವಿಮಾತು

ಈಗ ಮೊದಲಿನ ಪ್ರಶ್ನೆಗೆ ಬರೋಣ. ಮರಿಕೋಸು ಅಪ್ಪಟ ಚಳಿಯ ಬೆಳೆ. 15ರಿಂದ 18 ಡಿಗ್ರಿ ಸೆಂಟಿಗ್ರೇಡ್ ಉಷ್ಣತಾಮಾನ ಇದಕ್ಕೆ ಹಿತಕರ. ಉಂಡೆ ಕಟ್ಟುವ ಕಾಲದಲ್ಲಿ ಹಗಲಿನ ಬಿಸಿ ಹೆಚ್ಚಾದರೆ ಉಂಡೆಗಳು ಸಡಿಲವಾಗಿ, ಬಾಯಿ ಬಿಟ್ಟು, ಕಹಿಯಾಗುತ್ತವೆ. ಯೂರೋಪಿನ ರೈತರು ಮಂಜು ಬಿದ್ದ ಮೇಲೆ ಕೊಯ್ದ ಮರಿಕೋಸಿಗೆ ಹೆಚ್ಚು ಬೆಲೆ ಕಟ್ಟುತ್ತಾರೆ. ಚಳಿಯಲ್ಲಿ ತನ್ನ ಜೀವಕೋಶಗಳು ಹೆಪ್ಪುಗಟ್ಟದಂತೆ ಗಿಡವು ಸಕ್ಕರೆಯನ್ನು ಹೆಚ್ಚಿಸಿಕೊಳ್ಳುವುದರಿಂದ ಆ ಉಂಡೆಗಳು ಸಿಹಿಯಾಗಿರುತ್ತವೆ. ಸಕ್ಕರೆ ಹೆಚ್ಚಿದ್ದರೆ ಹುರಿದಾಗ ಬಣ್ಣವೂ ಚೆನ್ನಾಗಿ ಬರುತ್ತದೆ.

ನಮ್ಮ ಬಯಲುಸೀಮೆಯ ಚಳಿಗಾಲದಲ್ಲಿಯೂ ಹಗಲಿನ ಬಿಸಿ ಇದಕ್ಕಿಂತ ಬಹಳ ಹೆಚ್ಚು. ಬೆಳೆಯ ಅವಧಿಯೂ ಚಿಕ್ಕದಲ್ಲ. ಸಸಿ ನೆಟ್ಟ ಮೇಲೆ ಮೊದಲ ಕೊಯ್ಲಿಗೆ ಸುಮಾರು ಮೂರರಿಂದ ನಾಲ್ಕು ತಿಂಗಳು ಬೇಕು. ಎಲೆಕೋಸಿನಂತೆ ಒಂದೇ ಸಲಕ್ಕೆ ಕೊಯ್ದು ಹೊಲ ಖಾಲಿ ಮಾಡುವಂತಿಲ್ಲ. ಕೆಳಗಿನ ಉಂಡೆಗಳು ಮೊದಲು ಬಲಿಯುವುದರಿಂದ ಕೆಳಗಿನಿಂದ ಮೇಲಕ್ಕೆ ಹಲವು ಬಾರಿ ಕೈಯಿಂದ ಬಿಡಿಸಬೇಕು, ಆಳಿನ ಖರ್ಚು ಹೆಚ್ಚು. ಕೆಳಗಿನ ಉಂಡೆಗಳು ಕಟ್ಟತೊಡಗಿದಾಗ ಗಿಡದ ತುದಿಯನ್ನು ಚಿವುಟಿದರೆ ಉಂಡೆಗಳು ಹೆಚ್ಚು ಕಡಿಮೆ ಒಟ್ಟಿಗೆ ಬಲಿಯುತ್ತವೆ. ಎಲೆಕೋಸನ್ನು ಕಾಡುವ ವಜ್ರಬೆನ್ನಿನ ಪತಂಗ, ಸಸ್ಯಹೇನು ಮುಂತಾದ ಕೀಟಗಳು ಇದನ್ನೂ ಬಿಡುವುದಿಲ್ಲ. ಉಂಡೆಯೊಳಗೆ ಸೇರಿದ ಹೇನನ್ನು ತೊಳೆದು ತೆಗೆಯುವುದು ಕಷ್ಟ, ಅಂಥ ಮಾಲನ್ನು ಕೊಳ್ಳುವವರು ತಿರಸ್ಕರಿಸುತ್ತಾರೆ. ಔಷಧಿ ಹೊಡೆಯುವುದಾದರೆ ಚೀಟಿಯ ಮೇಲೆ ನಮೂದಿಸಿದ ಕಾಯುವ ಅವಧಿ ಕಳೆಯದೆ ಕೊಯ್ಯಕೂಡದು. ಕೊಯ್ದ ಮಾಲನ್ನು ಬೇಗ ತಂಪು ಮಾಡಬೇಕು. ಶೂನ್ಯ ಡಿಗ್ರಿಯ ಸಮೀಪದ ತಂಪಿನಲ್ಲಿ, ತೇವ ತುಂಬಿದ ಗಾಳಿಯಲ್ಲಿ ಇದು ಮೂರು ವಾರಗಳಿಗೂ ಮೀರಿ ಉಳಿಯುತ್ತದೆ. ಬಿಸಿಲಿನಲ್ಲಿ ಬಿಟ್ಟರೆ ಬೇಗನೆ ಹಳದಿಯಾಗುತ್ತದೆ.

ಆದ್ದರಿಂದ ಅಂಗಡಿಯ ಬೆಲೆಯೊಂದನ್ನೇ ನೋಡಿ ಎಕರೆಗಟ್ಟಲೆ ಹಾಕುವುದು ಜಾಣತನವಲ್ಲ. ಎತ್ತರದ, ತಂಪಾದ ಸ್ಥಳದಲ್ಲಿ ಜಮೀನಿರುವವರು ಮೊದಲು ಈ ಮೂರು ಕೆಲಸಗಳನ್ನು ಮಾಡಿರಿ.

ಮೊದಲನೆಯದು, ಅಂಗಡಿಯಿಂದ ಅರ್ಧ ಕಿಲೋ ಒಳ್ಳೆಯ ಮಾಲು ತಂದು ಮೇಲಿನ ಕ್ರಮದಲ್ಲಿ ಹುರಿದು ಮನೆಮಂದಿಯೆಲ್ಲ ತಿನ್ನಿರಿ. ಒಳ್ಳೆಯ ಮರಿಕೋಸಿನ ರುಚಿ ನಾಲಿಗೆಗೆ ಗುರುತಾಗಲಿ.

ಎರಡನೆಯದು, ಕೊಳ್ಳುವವರನ್ನು ಮೊದಲೇ ಕಂಡು, ಯಾವ ಗಾತ್ರದ, ಎಷ್ಟು ಮಾಲು, ವಾರಕ್ಕೆ ಎಷ್ಟು ಬಾರಿ ಬೇಕೆಂದು ಕೇಳಿಕೊಳ್ಳಿರಿ. ಇದು ಹಳ್ಳಿಯ ಸಂತೆಯಲ್ಲಿ ಮಾರಾಟವಾಗುವ ತರಕಾರಿಯಲ್ಲ. ನಗರದಲ್ಲಿ ಕೊಳ್ಳುವವರು ಕೈಬಿಟ್ಟರೆ ಬೇರೆ ಗಿರಾಕಿಯಿಲ್ಲ.

ಮೂರನೆಯದು, ಒಂದೆರಡು ಮಡಿಗಳಲ್ಲಿ ಮಾತ್ರ, ಉಂಡೆ ಕಟ್ಟುವ ಹೊತ್ತಿಗೆ ಅತ್ಯಂತ ಚಳಿಯ ದಿನಗಳು ಬರುವಂತೆ ಲೆಕ್ಕ ಹಾಕಿ ಸಸಿ ನೆಟ್ಟು ನೋಡಿರಿ. ಬಂದ ಫಸಲನ್ನು ಅಂಗಡಿಯ ಮಾಲಿನ ಜೊತೆಗೆ ಒಂದೇ ತಟ್ಟೆಯಲ್ಲಿ ಹುರಿದು ಹೋಲಿಸಿರಿ. ತಮ್ಮದು ಸಡಿಲವಾಗಿ ಕಹಿಯಾಗಿದ್ದರೆ ತಮ್ಮ ಹವೆ ಆ ಬೆಳೆಗೆ ಒಗ್ಗದೆಂದು ಅರ್ಥ. ಒಂದೆರಡು ಮಡಿಯ ನಷ್ಟದಲ್ಲಿ ಒಂದು ಎಕರೆಯ ನಷ್ಟ ತಪ್ಪಿತೆಂದು ತಿಳಿದುಕೊಳ್ಳಿ.

ಮರಿಕೋಸು ಸಿಗದ ಊರುಗಳಲ್ಲಿ ಇರುವವರಿಗೂ ಈ ಲೇಖನ ವ್ಯರ್ಥವಲ್ಲ. ಎಲೆಕೋಸನ್ನು ಬುಡ ಬಿಡದಂತೆ ಎರಡು ಬೆರಳು ದಪ್ಪದ ಹೋಳುಗಳಾಗಿ ಸೀಳಿ, ತೊಳೆದು, ಚೆನ್ನಾಗಿ ಆರಿಸಿ, ಇದೇ ಕ್ರಮದಲ್ಲಿ ಕಾವಲಿಯ ಮೇಲೆ ಹುರಿಯಿರಿ. ಹೂಕೋಸಿಗೂ ನವಿಲುಕೋಸಿಗೂ ಇದೇ ಕ್ರಮ ಸಲ್ಲುತ್ತದೆ. ಎಲೆಕೋಸಿಗೆ ಬೆಲೆ ಬಿದ್ದು ಹೊಲದಲ್ಲಿಯೇ ಉಳಿದ ವರ್ಷ, ದಿನವೂ ಅದೇ ಪಲ್ಯವೆಂದು ಮುಖ ಸಿಂಡರಿಸುವ ಮಕ್ಕಳು ಹೀಗೆ ಹುರಿದುದನ್ನು ಕೇಳಿ ಹಾಕಿಸಿಕೊಂಡು ತಿಂದಾರು.